ಕಾಕಾ ಅವರ ನೆನಪಿನ ಪುಸ್ತಕದಲ್ಲಿ ಬೇಟೆಯ ದಿನಗಳನ್ನು ಬರೆಯಬೇಕೇ?

ಮುಲ್ಲಾಮಾರಿ ದಂಡೆ

ಎಲ್ಲರಿಗೂ ನಮಸ್ಕಾರ. ಚಿಂಚೋಳಿಯಲ್ಲಿ ಊರೆಲ್ಲ 'ಮಳಿ ಕಾಕಾ' ಎಂದು ಕರೆಯುತ್ತಿದ್ದ ನಮ್ಮ ತಂದೆಯ ತಮ್ಮ ತೀರಿಕೊಂಡು ಬರುವ ಶ್ರಾವಣಕ್ಕೆ ಒಂದು ವರ್ಷವಾಗುತ್ತದೆ. ವರ್ಷದ ಪುಣ್ಯತಿಥಿಗೆ ಬಂದವರ ಕೈಗೆ ಕೊಡಲು ಅವರ ಜೀವನದ ಬಗ್ಗೆ ಐವತ್ತು ಅರವತ್ತು ಪುಟಗಳ ಒಂದು ಪುಸ್ತಕವನ್ನು ಮಾಡಬೇಕೆಂದು ಮನೆಯವರು ನಿರ್ಧರಿಸಿದ್ದಾರೆ. ಬರೆಯುವ ಹೊಣೆ ನನ್ನ ಮೇಲೆ ಬಿದ್ದಿದೆ. ಆದರೆ ಐದನೆಯ ತರಗತಿಯಿಂದಲೇ ಕಲಬುರಗಿಯ ಹಾಸ್ಟೆಲಿನಲ್ಲಿ ಓದಿದವನಾದ ನನಗೆ ಕಾಕಾ ಅವರ ರವಿವಾರಗಳ ಪರಿಚಯ ಬಹಳ ಕಡಿಮೆ. ರಜೆಗೆ ಊರಿಗೆ ಬಂದಾಗ ಎರಡು ಮೂರು ಸಲ ಅವರೊಂದಿಗೆ ಗುಡ್ಡಕ್ಕೆ ಹೋಗಿದ್ದೇನೆ, ಅಷ್ಟೇ.

ಅವರನ್ನು ಅರಿಯದವರಿಗಾಗಿ ಸ್ವಲ್ಪ ಹೇಳುತ್ತೇನೆ. ಕಾಕಾ ನೀರಾವರಿ ಇಲಾಖೆಯಲ್ಲಿ ಕೆಳಹಂತದ ನೌಕರರಾಗಿದ್ದರು. ದಿನಾಲೂ ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು ನೋಡಿ ಬರೆದಿಡುವುದು ಅವರ ಕೆಲಸಗಳಲ್ಲೊಂದು. ಅಡ್ಡಹೆಸರು ಬಂದಿದ್ದೂ ಅದರಿಂದಲೇ. 1997ರಲ್ಲಿ ನಿವೃತ್ತರಾದ ಮೇಲೂ ಮನೆಯ ಅಂಗಳದಲ್ಲಿ ಸ್ವಂತ ಮಾಪಕವೊಂದನ್ನು ನೆಟ್ಟು, ಕೊನೆಯ ಕಾಯಿಲೆ ಬರುವವರೆಗೂ ಅಳೆಯುತ್ತಲೇ ಇದ್ದರು. ರವಿವಾರ ಮಾತ್ರ ಅವರು ಊರ ಹುಡುಗರಿಗೆ ಸೇರಿದವರು. ಹತ್ತು ಹದಿನೈದು ಮಕ್ಕಳನ್ನು ಕಟ್ಟಿಕೊಂಡು ಹಳ್ಳದ ದಂಡೆಗೆ, ಚಂದ್ರಂಪಳ್ಳಿ ಜಲಾಶಯದ ಕಡೆಯ ಕಾಡಿಗೆ, ಚಳಿಗಾಲದಲ್ಲಿ ಹಕ್ಕಿಗಳು ಇಳಿಯುವ ಕೆರೆಗಳಿಗೆ ಹೋಗುತ್ತಿದ್ದರು. ಯಾರಿಂದಲೂ ಒಂದು ರೂಪಾಯಿ ತೆಗೆದುಕೊಂಡವರಲ್ಲ. ಯಾವ ಸಂಸ್ಥೆಯ ಹೆಸರೂ ಇರಲಿಲ್ಲ, ರಸೀದಿ ಪುಸ್ತಕವೂ ಇರಲಿಲ್ಲ.

ನನ್ನ ತೊಡಕು ಇದು. 1972ಕ್ಕೆ ಮುಂಚೆ ಕಾಕಾ ಬೇಟೆಗಾರರಾಗಿದ್ದರು. ನಮ್ಮ ಅಜ್ಜನ ನಾಡಬಂದೂಕು ಹಿಡಿದುಕೊಂಡು ಎರೆ ಹೊಲಗಳಲ್ಲಿ ಚಿಗರಿ, ಗುಡ್ಡದಂಚಿನಲ್ಲಿ ಕೌಜುಗ ಹೊಡೆದವರು. ಮನೆಯ ಹಿರಿಯರಿಗೆ ಇದು ಗೊತ್ತು. ಕಿರಿಯರಲ್ಲಿ ಅನೇಕರಿಗೆ ಗೊತ್ತಿಲ್ಲ. ಕಾಡು ಉಳಿಸಿರಿ ಎಂದು ಮಕ್ಕಳಿಗೆ ಕಲಿಸಿದ ಮನುಷ್ಯನ ಬಗ್ಗೆ ಹೀಗೆ ಬರೆದರೆ ಅವರ ಹೆಸರಿಗೆ ಕಳಂಕ ಬರುತ್ತದೆ ಎಂದು ನನ್ನ ಅಣ್ಣ ಹೇಳುತ್ತಾನೆ. ಅತ್ತೆಯವರು, ಅಂದರೆ ಕಾಕಾ ಅವರ ತಂಗಿ, 'ಬರಿ, ಅವನೇನು ಕದ್ದಿದ್ದನಾ?' ಎನ್ನುತ್ತಾರೆ.

ಇನ್ನೆರಡು ಸಂಗತಿಗಳಿವೆ. ಅವರ ಪೆಟ್ಟಿಗೆಯಲ್ಲಿ ಉದ್ದನೆಯ 31 ವಹಿಗಳು ಸಿಕ್ಕಿವೆ. 1966ರಿಂದ 1974ರವರೆಗಿನವು ಉರ್ದುವಿನಲ್ಲಿವೆ, ಏಕೆಂದರೆ ನಮ್ಮ ಭಾಗ ಹೈದರಾಬಾದ್ ರಾಜ್ಯದಲ್ಲಿದ್ದಾಗ ಅವರ ಶಾಲೆ ಉರ್ದು ಮಾಧ್ಯಮದಲ್ಲಿಯೇ ಆರಂಭವಾಗಿತ್ತು. ಆ ವಹಿಗಳಲ್ಲಿ ಪುಟಗಟ್ಟಲೆ ಬರೀ ಚುಕ್ಕೆಗಳಿವೆ. ಬರೆಯುವುದನ್ನೇ ಬಿಟ್ಟಿದ್ದರೋ ಏನೋ ತಿಳಿಯುತ್ತಿಲ್ಲ. ಅದೇ ಪೆಟ್ಟಿಗೆಯಲ್ಲಿ ಖಾದಿ ಬಟ್ಟೆಯ ಸಣ್ಣದೊಂದು ಚೀಲವಿದೆ. ಅದರೊಳಗೆ ಹುಣಸೆ ಬೀಜಗಳು, ಎಣಿಸಿದರೆ 24. ಕೈಯಾಡಿ ಆಡಿ ಗಾಜಿನಂತೆ ನುಣುಪಾಗಿವೆ. ಕಾಕಿ ಇದ್ದಿದ್ದರೆ ಹೇಳುತ್ತಿದ್ದರು, ಅವರೂ ಇಲ್ಲ. ಇಲ್ಲಿ ಅವರ ಜೊತೆ ಓಡಾಡಿದವರು ಯಾರಾದರೂ ಇದ್ದರೆ ದಯವಿಟ್ಟು ನಿಮಗೆ ತಿಳಿದಿದ್ದನ್ನು ಬರೆಯಿರಿ.

ಸೇಡಂ ಮಾಸ್ತರ

ನಿಮ್ಮ ಪ್ರಶ್ನೆಯಲ್ಲಿ ಹುಣಸೆ ಬೀಜದ ಮಾತು ಬಂದ ಕಡೆ ನಾನು ಓದುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಆ ಚೀಲ ಏನೆಂದು ನನಗೆ ಗೊತ್ತು. ಅದು ಹೇಗೆ ಬಂತು ಎನ್ನುವುದು ಗೊತ್ತಿರುವ ಹದಿಮೂರು ಹದಿನಾಲ್ಕು ಜನರಲ್ಲಿ ನಾನೂ ಒಬ್ಬ.

ನಾನು ಆಗ ಏಳನೆಯ ತರಗತಿಯಲ್ಲಿದ್ದೆ. 1983, ಹುಬ್ಬ ಮಳೆಯ ದಿನಗಳು. ಬೆಳಿಗ್ಗೆ ಮೋಡವಿದ್ದರೂ ಮಧ್ಯಾಹ್ನಕ್ಕೆ ನಮ್ಮ ತಲೆಯ ಮೇಲೆ ಬಿಸಿಲು ಬಿದ್ದಿತ್ತು. ಕಾಡಿನ ಅಂಚಿನ ಒಂದು ಹಳ್ಳದಲ್ಲಿ ಮೊಣಕಾಲು ನೀರು. ನಾವೆಲ್ಲ ಈಜಿ, ಆಡಿ, ದಂಡೆಗೆ ಬಂದು ರೊಟ್ಟಿ ಗಂಟು ಬಿಚ್ಚಿದೆವು. ಕಾಕಾ ಬಾಯಲ್ಲಿ ಎಣಿಸಿದರು, ಲೆಕ್ಕ ಹದಿನಾಲ್ಕು ಬಂತು, ಸರಿಯಾಗಿದೆ ಎಂದರು. ಆದರೆ ಅವರು ತಮ್ಮನ್ನೂ ಸೇರಿಸಿ ಎಣಿಸಿದ್ದರೆಂದು ಆಮೇಲೆ ಗೊತ್ತಾಯಿತು. ಒಬ್ಬ ಹುಡುಗ ಬಂಡೆಯ ಆ ಮಗ್ಗುಲಲ್ಲಿ ಏಡಿ ಹುಡುಕುತ್ತಾ ಇನ್ನೂ ನೀರಿನಲ್ಲಿಯೇ ಇದ್ದ. ಮೇಲೆ ಎಲ್ಲೋ ದೂರದಲ್ಲಿ ಮಳೆಯಾಗಿತ್ತು. ಹಳ್ಳ ಬಂತು. ಹಳ್ಳ ಬರುವುದನ್ನು ಕಂಡವರಿಗೆ ಹೇಳಬೇಕಾಗಿಲ್ಲ: ಮೊದಲು ಒಣ ಎಲೆ, ಕಸಕಡ್ಡಿ, ನೊರೆ ತೇಲಿ ಬರುತ್ತವೆ, ತಿಳಿನೀರು ಕೆಂಪಾಗುತ್ತದೆ, ಆಮೇಲೆ ಸಪ್ಪಳ ಕೇಳುತ್ತದೆ, ಸಪ್ಪಳ ಕೇಳಿದ ಮೇಲೆ ನಮ್ಮ ಕೈಯಲ್ಲಿ ಸಮಯವಿರುವುದಿಲ್ಲ. ಕಾಕಾ ಧೋತರದ ಸಮೇತ ಹಾರಿದರು. ಇಬ್ಬರೂ ನಮ್ಮ ಕಣ್ಣಮುಂದೆಯೇ ತಿರುವಿನಲ್ಲಿ ಮರೆಯಾದರು. ಎಷ್ಟೋ ಹೊತ್ತಿನ ಮೇಲೆ ಕೆಳಗಡೆ ಒಂದು ಕರಿಜಾಲಿಯ ಬೇರು ಹಿಡಿದುಕೊಂಡು, ಹುಡುಗನನ್ನು ಹೆಗಲ ಮೇಲೆ ಎತ್ತಿಕೊಂಡು ನಿಂತಿದ್ದ ಅವರನ್ನು ಕಂಡೆವು. ಹುಡುಗನಿಗೆ ಕಾಲಿನ ಎಲುಬು ಮುರಿದಿತ್ತು. ಕಾಕಾ ಅವರ ಅಂಗೈಗಳಲ್ಲಿ ಜಾಲಿ ಮುಳ್ಳುಗಳು ಎಷ್ಟು ನೆಟ್ಟಿದ್ದವೆಂದರೆ ಅದನ್ನು ಇಂದಿಗೂ ನೆನೆಯಲಾರೆ.

ಊರಿನಲ್ಲಿ ಜನ ಬೈದರು. ಬೈದಿದ್ದು ತಪ್ಪಲ್ಲ. ಕಾಕಾ ಒಂದು ಮಾತೂ ಎದುರಾಡಲಿಲ್ಲ. ಹುಡುಗನ ಕಾಲು ಕೂಡುವವರೆಗೆ ದಿನಾ ಸಂಜೆ ಅವನ ಮನೆಗೆ ಹೋಗಿ, ಶಾಲೆಯ ಪಾಠ ಹೇಳಿಕೊಟ್ಟು ಬರುತ್ತಿದ್ದರು. ರವಿವಾರದ ತಿರುಗಾಟ ನಿಂತೇಹೋಯಿತು.

ಮತ್ತೆ ಆರಂಭವಾದಾಗ ಚೀಲ ಬಂದಿತ್ತು. ನೀರಿಗೆ ಇಳಿಯುವ ಮುಂಚೆ ಪ್ರತಿಯೊಬ್ಬರೂ ಚೀಲದಿಂದ ಒಂದು ಬೀಜ ತೆಗೆದು ಬಾಯೊಳಗೆ ಅಲ್ಲ, ಚಡ್ಡಿಯ ಜೇಬಿನಲ್ಲಿ ಹಾಕಿಕೊಳ್ಳಬೇಕು. ಮೇಲೆ ಬಂದವನು ತನ್ನ ಬೀಜವನ್ನು ತಾನೇ ವಾಪಸು ಹಾಕಬೇಕು. ಗೆಳೆಯನ ಬೀಜವನ್ನು ಹಾಕುವಂತಿಲ್ಲ. ಚೀಲದ ಲೆಕ್ಕ ಕೂಡುವವರೆಗೆ ಯಾರೂ ರೊಟ್ಟಿ ಮುಟ್ಟುವಂತಿಲ್ಲ. 'ಲೆಕ್ಕ ಬಾಯಿಲೆ ಮಾಡಬ್ಯಾಡ್ರಿ, ಕೈಲೆ ಮಾಡ್ರಿ' ಎನ್ನುತ್ತಿದ್ದರು. ಬೀಜ ಕಳೆದುಕೊಂಡವನಿಗೆ ಮುಂದಿನ ರವಿವಾರ ಬಿಡುವು. ಚೀಲದಲ್ಲಿ 24 ಬೀಜ ಇರುತ್ತಿದ್ದುದರಿಂದ 24ಕ್ಕಿಂತ ಹೆಚ್ಚು ಮಕ್ಕಳನ್ನು ಅವರು ಎಂದೂ ಕರೆದೊಯ್ಯಲಿಲ್ಲ. ನಾನು ಈಗ ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವಾಗ ಹಾಜರಿ ಪುಸ್ತಕದ ಜೊತೆಗೆ ಬೀಜದ ಚೀಲವನ್ನೂ ಒಯ್ಯುತ್ತೇನೆ. ಹೊಸ ಶಿಕ್ಷಕರಿಗೆ ಇದು ವಿಚಿತ್ರವೆನಿಸುತ್ತದೆ.

ಇನ್ನು ಬೇಟೆಯ ವಿಷಯ. ಬರೆಯಲೇಬೇಕು. ನಮಗೆ ಅವರು ಕಲಿಸಿದ್ದರಲ್ಲಿ ಅರ್ಧ ಬೇಟೆಗಾರನ ವಿದ್ಯೆಯೇ. ಹಸಿ ಮಣ್ಣಿನಲ್ಲಿ ಹೆಜ್ಜೆ ತೋರಿಸಿ, ಉಗುರಿನ ಗುರುತು ಇದ್ದರೆ ನಾಯಿ ಇರಬಹುದು, ತೋಳವೂ ಇರಬಹುದು, ಕತ್ತೆಕಿರುಬವೂ ಇರಬಹುದು, ಉಗುರು ಕಾಣದಿದ್ದರೆ ಬೆಕ್ಕಿನ ಜಾತಿ ಎಂದು ಹೇಳುತ್ತಿದ್ದರು. ಕತ್ತೆಕಿರುಬದ ಮುಂಗಾಲಿನ ಹೆಜ್ಜೆ ಹಿಂಗಾಲಿಗಿಂತ ದೊಡ್ಡದು ಎನ್ನುವುದನ್ನು ತಮ್ಮ ಅಂಗೈ ಮತ್ತು ಮುಷ್ಟಿಯನ್ನು ನೆಲಕ್ಕೆ ಒತ್ತಿ ತೋರಿಸುತ್ತಿದ್ದರು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಚಿಟಿಕೆ ಮಣ್ಣು ಉದುರಿಸಿ ನೋಡುವುದು, ಚಿಗರಿಯ ಹಿಂಡು ತಲೆ ಎತ್ತಿದಾಗ ನಿಂತಲ್ಲೇ ಕಲ್ಲಾಗುವುದು, ಸದ್ದಿಲ್ಲದೆ ಕಾಲಿಡುವುದು, ಇವೆಲ್ಲ ಪುಸ್ತಕದಿಂದ ಬಂದ ಮಾತುಗಳಲ್ಲ. ಬಂದೂಕು ಹಿಡಿದ ದಿನಗಳಲ್ಲಿ ಕಲಿತ ವಿದ್ಯೆಯನ್ನೇ ಅವರು ಬಂದೂಕಿಲ್ಲದೆ ನಮಗೆ ದಾಟಿಸಿದರು. ಮೊದಲಿನದನ್ನು ಮುಚ್ಚಿಟ್ಟರೆ ಎರಡನೆಯದು ಎಲ್ಲಿಂದ ಬಂತೆಂದು ಓದುವವರಿಗೆ ಹೇಗೆ ತಿಳಿಯಬೇಕು?

ಹಳ್ಳದ ಸಂಗತಿಯನ್ನೂ ಬರೆಯಿರಿ. ಆದರೆ ಆ ಹುಡುಗನನ್ನು, ಈಗ ಅವನು ಮೊಮ್ಮಕ್ಕಳನ್ನು ಕಂಡವನು, ಮೊದಲು ಕೇಳಿ ಬರೆಯಿರಿ. ಅವನ ಫೋನ್ ನಂಬರನ್ನು ನಿಮಗೆ ಖಾಸಗಿಯಾಗಿ ಕಳಿಸುತ್ತೇನೆ.

ಬೀದರ ಕೋಟೆ ರಸ್ತೆ

ಚುಕ್ಕೆಗಳ ಬಗ್ಗೆ ಒಂದು ಮಾತು. ಬರೆಯುವುದನ್ನು ಬಿಟ್ಟಿರಲಿಲ್ಲ, ಸರ್. ಉರ್ದು ಅಂಕಿಗಳಲ್ಲಿ ಸೊನ್ನೆಯನ್ನು ಚುಕ್ಕೆಯಾಗಿಯೇ ಬರೆಯುತ್ತಾರೆ. ಅಂದರೆ ನಿಮ್ಮ ಕಾಕಾ ಆ ದಿನಗಳಲ್ಲಿಯೂ ಬೆಳಿಗ್ಗೆ ಎಂಟೂವರೆಗೆ ಹೋಗಿ, ಮಾಪಕ ತೆರೆದು, ಏನೂ ಇಲ್ಲವೆಂದು ನೋಡಿ, ಇಲ್ಲವೆಂದು ಬರೆದಿದ್ದಾರೆ. ಪುಟಗಟ್ಟಲೆ ಚುಕ್ಕೆಗಳಿರುವ ವಹಿ ಯಾವ ವರ್ಷದ್ದೆಂದು ದಯವಿಟ್ಟು ನೋಡಿ. ಮಳೆಗಾಲದ ತಿಂಗಳುಗಳಲ್ಲಿಯೂ ಚುಕ್ಕೆಗಳಿದ್ದರೆ ಅದು 1972ರ ವಹಿ ಇರಬೇಕೆಂದು ನನ್ನ ಊಹೆ. ಆ ಬರಗಾಲದ ಮಾತನ್ನು ನಮ್ಮ ಮನೆಯಲ್ಲಿ ಇಂದಿಗೂ ಆಡುತ್ತಾರೆ. ಮಹಾರಾಷ್ಟ್ರದ ಕಡೆಯಲ್ಲಿಯೂ ನಮ್ಮ ಕಡೆಯಲ್ಲಿಯೂ ಬಾವಿಗಳು ತಳ ಕಂಡಿದ್ದವು.

ವಹಿಗಳನ್ನು ಓದಿಸುವುದು ಕಷ್ಟವಲ್ಲ. ನಮ್ಮ ಮಾವನವರಿಗೆ ಎಂಬತ್ತೆಂಟು ವರ್ಷ; ಅವರೂ ಉರ್ದುವಿನಲ್ಲಿಯೇ ಓದಿದವರು. ಬೀದರಿನಲ್ಲಿ ಆ ತಲೆಮಾರಿನ ಲಿಂಗಾಯತ, ಬ್ರಾಹ್ಮಣ, ಮರಾಠಾ ಮನೆಗಳಲ್ಲಿಯೂ ಲೆಕ್ಕಪತ್ರಗಳು ಉರ್ದುವಿನಲ್ಲಿಯೇ ಇರುತ್ತಿದ್ದವು, ಕೆಲವು ಕಡೆ ಮೋಡಿ ಲಿಪಿಯಲ್ಲಿಯೂ ಇರುತ್ತಿದ್ದವು. ಇಂಥ ಹಿರಿಯರು ದಿನದಿನಕ್ಕೆ ಕಡಿಮೆಯಾಗುತ್ತಿದ್ದಾರೆ, ಆದ್ದರಿಂದ ತಡಮಾಡಬೇಡಿ. ಮೂಲ ವಹಿಗಳನ್ನು ಅಂಚೆಯಲ್ಲಿ ಮಾತ್ರ ಕಳಿಸಬೇಡಿ. ಕಿಟಕಿಯ ಪಕ್ಕದ ಬೆಳಕಿನಲ್ಲಿ, ಫ್ಲಾಶ್ ಹಾಕದೆ, ಪುಟವನ್ನು ಮೇಲಿನಿಂದ ನೇರವಾಗಿ ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಪ್ರತಿ ವಹಿಯ ಮೊದಲ ಚಿತ್ರದಲ್ಲಿ ರಟ್ಟು ಮತ್ತು ವರ್ಷ ಕಾಣಬೇಕು, ಇಲ್ಲದಿದ್ದರೆ ಆಮೇಲೆ ಯಾವುದು ಯಾವುದರ ಪುಟವೆಂದು ತಿಳಿಯದು. ಮಾವನವರು ಓದುತ್ತಾ ಹೋದಂತೆ ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ.

ಯಾದಗಿರಿ ಸಿಸ್ಟರ್

ನಾನು ಚಿಂಚೋಳಿಯಲ್ಲಿ ಹುಟ್ಟಿ ಬೆಳೆದವಳು, ಈಗ ಯಾದಗಿರಿ ಜಿಲ್ಲೆಯ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೇನೆ. ಮೇಲಿನವರು 'ಹುಡುಗರು, ಹುಡುಗರು' ಎಂದು ಬರೆದಿದ್ದಾರೆ; 1996ರಿಂದ ಹುಡುಗಿಯರೂ ಇದ್ದೆವು ಎನ್ನುವುದು ಪುಸ್ತಕದಲ್ಲಿ ಬಿಟ್ಟುಹೋಗಬಾರದು.

ಮೊದಲ ಸಲ ನಾವು ಮೂವರು ಗೆಳತಿಯರು ಬರುತ್ತೇವೆ ಎಂದಾಗ ಕಾಕಾ ಕೂಡಲೇ ಹೂಂ ಎನ್ನಲಿಲ್ಲ. ಸಂಜೆ ಒಬ್ಬೊಬ್ಬರ ಮನೆಗೆ ಬಂದರು. ನಮ್ಮ ಮನೆಯಲ್ಲಿ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದು, ಅಪ್ಪನ ಜೊತೆ ತೊಗರಿಯ ಮಾತಾಡಿ, ಹೊರಡುವಾಗ ಅವ್ವನಿಗೆ, 'ತಂಗಿ, ಮಗಳ ಜೋಡಿ ನೀನೂ ಬಾ, ನಿನ್ನ ಕಣ್ಣಿಲೆ ನೋಡು' ಎಂದರು. ಅವ್ವ ಬಂದಳು. ಮದುವೆಯಾಗಿ ಹದಿನೇಳು ವರ್ಷವಾದರೂ ಅವಳು ಚಂದ್ರಂಪಳ್ಳಿಯ ನೀರನ್ನು ನೋಡಿರಲಿಲ್ಲ. ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ ಕಟ್ಟಿಕೊಂಡು ಬಂದವಳು ಆ ದಿನ ಹಿನ್ನೀರಿನ ದಂಡೆಯಲ್ಲಿ ಪಾದ ಅದ್ದಿ ಕುಳಿತಿದ್ದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಆಮೇಲೆ ನನ್ನನ್ನು ಕಳಿಸಲು ಯಾರೂ ಬೇಡವೆನ್ನಲಿಲ್ಲ.

ಹೆಬ್ಬಾತುಗಳ ಸಂಗತಿಯನ್ನೂ ಹೇಳುತ್ತೇನೆ. ಒಂದು ಜನವರಿಯಲ್ಲಿ ಸುರಪುರ ತಾಲೂಕಿನ ಬೋನಾಳ ಕೆರೆಗೆ ಹೋಗಿದ್ದೆವು. ಆಗ ಯಾದಗಿರಿ ಬೇರೆ ಜಿಲ್ಲೆಯಾಗಿರಲಿಲ್ಲ. ನಸುಕಿನಲ್ಲಿಯೇ ಕೆರೆಯ ಏರಿಯ ಕೆಳಗೆ ನಮ್ಮನ್ನು ಕೂರಿಸಿ ಮಾತಾಡಬೇಡಿ ಎಂದರು. ಬೆಳಕು ಹರಿಯುವ ಹೊತ್ತಿಗೆ ಹೊಲಗಳ ಕಡೆಯಿಂದ ಹಿಂಡು ಹಿಂಡಾಗಿ, ಗಂಟಲಿನಿಂದ ಕೂಗುತ್ತಾ ಬಂದು ನೀರಿಗಿಳಿದವು. ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಟಿಬೆಟ್, ಮಂಗೋಲಿಯಾ ಕಡೆಯ ಸರೋವರಗಳಲ್ಲಿ ಮರಿ ಮಾಡಿ, ಹಿಮಾಲಯವನ್ನು ದಾಟಿ, ನಮ್ಮ ಕೆರೆಗಳಿಗೆ ಚಳಿಗಾಲ ಕಳೆಯಲು ಬರುವ ಹಕ್ಕಿಗಳಿವು ಎಂದು ಅವರು ಪಿಸುಮಾತಿನಲ್ಲಿ ಹೇಳಿದರು. ಅಷ್ಟು ದೂರದಿಂದ ಬಂದವು ರಾತ್ರಿ ನಮ್ಮವರ ಕಡಲೆ ಹೊಲದಲ್ಲಿ ಮೇಯುತ್ತವೆ ಎನ್ನುವುದು ನನಗೆ ನಂಬಲಾಗದ ಮಾತಾಗಿತ್ತು.

ನಾನು ನರ್ಸ್ ಆಗಿದ್ದಕ್ಕೆ ಕಾಕಾ ಕಾರಣವೆಂದರೆ ತಪ್ಪಾಗದು. ಹಾವಿನ ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕನ್ನು ಗುರುತಿಸಲು ಕಲಿಸಿದರು. ಉಳಿದವನ್ನೂ ಕೊಲ್ಲಬೇಡಿ, ಇವನ್ನೂ ಕೊಲ್ಲಬೇಡಿ, ದೂರ ನಿಲ್ಲಿ ಎಂದರು. ಕಟ್ಟುಹಾವಿನ ಬಗ್ಗೆ ಅವರಿಗೆ ವಿಶೇಷ ಆತಂಕವಿತ್ತು. ರಾತ್ರಿ ನೆಲದ ಮೇಲೆ ಮಲಗಿದವರನ್ನು ಅದು ಕಚ್ಚುತ್ತದೆ, ನೋವೇ ಇರುವುದಿಲ್ಲ, ಹಲ್ಲಿನ ಗುರುತೂ ಸರಿಯಾಗಿ ಕಾಣುವುದಿಲ್ಲ, ಬೆಳಗಿನ ಜಾವ ಹೊಟ್ಟೆನೋವು ಎನ್ನುತ್ತಾರೆ, ಕಣ್ಣಿನ ರೆಪ್ಪೆ ಜೋಲುತ್ತದೆ, ಆಮೇಲೆ ಉಸಿರು ನಿಲ್ಲುತ್ತದೆ. ಆದ್ದರಿಂದ ಮಂಚದ ಮೇಲೆ ಮಲಗಿ, ಅದಾಗದಿದ್ದರೆ ಸೊಳ್ಳೆಪರದೆಯನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ ಮಲಗಿ ಎಂದು ಮನೆಮನೆಗೆ ಹೇಳಿಸುತ್ತಿದ್ದರು. ಕಚ್ಚಿದರೆ ಬಿಗಿಯಾಗಿ ಕಟ್ಟಬಾರದು, ಕೊಯ್ಯಬಾರದು, ಹೀರಬಾರದು, ಬೇರು ನಾರು ಕೊಡುವವರ ಬಾಗಿಲಿಗೆ ಹೋಗಿ ಹೊತ್ತು ಕಳೆಯಬಾರದು, ಅಲುಗಾಡಿಸದೆ ನೇರವಾಗಿ ದವಾಖಾನೆಗೆ ತರಬೇಕು. ಇದೇ ಮಾತುಗಳನ್ನು ನಾನು ತರಬೇತಿಯಲ್ಲಿ ಪುಸ್ತಕದಲ್ಲಿ ಓದಿದಾಗ ಹೊಸದೇನೂ ಅನ್ನಿಸಲಿಲ್ಲ. 2024ರಲ್ಲಿ ನಮ್ಮ ರಾಜ್ಯದಲ್ಲಿ ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಆದೇಶ ಬಂದ ದಿನ ಕಾಕಾ ಅವರಿಗೆ ಫೋನ್ ಮಾಡಿ ತಿಳಿಸಿದ್ದೆ. ಬಹಳ ಸಂತೋಷಪಟ್ಟರು.

ಬೇಟೆಯ ಬಗ್ಗೆ ನನಗೆ ಗೊತ್ತಿರಲಿಲ್ಲ. ಈಗ ಓದಿ ಮನಸ್ಸಿಗೆ ಕಸಿವಿಸಿಯಾಯಿತು ಎನ್ನುವುದು ನಿಜ. ಆದರೂ ಬರೆಯಿರಿ. ಬೇರೆ ಯಾರದೋ ಬಾಯಿಂದ ಕೇಳುವುದಕ್ಕಿಂತ ಅವರ ಮನೆಯವರ ಬರಹದಲ್ಲಿ ಓದುವುದು ಮೇಲು.

ಹೈಕೋರ್ಟ್ ರಸ್ತೆ, ಕಲಬುರಗಿ

ಕಾನೂನಿನ ಕಡೆಯಿಂದ ಸಂಕ್ಷಿಪ್ತವಾಗಿ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಿದ್ದು 1972ರಲ್ಲಿ. ಅದಕ್ಕಿಂತ ಮುಂಚೆ ನಮ್ಮ ಭಾಗದಲ್ಲಿ ಹೊಲ ಕಾಯಲೆಂದೋ, ಊಟಕ್ಕೆಂದೋ ಬೇಟೆಯಾಡುವುದು ಹಳ್ಳಿಯ ಬದುಕಿನ ಭಾಗವಾಗಿತ್ತು. ಅಂದಿನದನ್ನು ಇಂದಿನ ಕಣ್ಣಿನಿಂದ ಅಪರಾಧವೆಂದು ಬರೆಯುವುದು ಬೇಡ, ಶೌರ್ಯವೆಂದು ಬರೆಯುವುದಂತೂ ಬೇಡವೇ ಬೇಡ. ಚಿಗರಿ, ಅಂದರೆ ಕೃಷ್ಣಮೃಗ, ಇಂದು ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿದೆ ಎನ್ನುವ ಒಂದು ಸಾಲು ಅಲ್ಲಿಯೇ ಇರಲಿ, ಓದುವ ಮಕ್ಕಳಿಗೆ ಗೊಂದಲವಾಗಬಾರದು. ಆ ಬಂದೂಕು ಮನೆಯಲ್ಲಿ ಇನ್ನೂ ಇದ್ದರೆ ಅದರ ಪರವಾನಗಿಯ ಸಂಗತಿಯನ್ನು ಮೊದಲು ನೋಡಿಕೊಳ್ಳಿ. ಪುಸ್ತಕದಲ್ಲಿ ಅದರ ಚಿತ್ರ ಹಾಕುವ ವಿಚಾರವನ್ನು ಆಮೇಲೆ ಮಾಡಿರಿ.

ಮುಲ್ಲಾಮಾರಿ ದಂಡೆ

ಎಲ್ಲರಿಗೂ ಕೈಮುಗಿದು ಕೃತಜ್ಞತೆ ಹೇಳುತ್ತೇನೆ. ಎರಡು ವಾರ ಊರಿನಲ್ಲಿಯೇ ಇದ್ದು ವಹಿಗಳ ಮುಂದೆ ಕುಳಿತಿದ್ದೆ. ಅದಕ್ಕೇ ಉತ್ತರಿಸಲು ತಡವಾಯಿತು. ಬಂದೂಕು ಮನೆಯಲ್ಲಿ ಇಲ್ಲ. ಅಜ್ಜ ಇದ್ದಾಗಲೇ ಅದನ್ನು ಪೊಲೀಸ್ ಠಾಣೆಗೆ ಒಪ್ಪಿಸಿದ್ದರಂತೆ.

ಚುಕ್ಕೆಗಳ ವಹಿ 1972ರದ್ದೇ. ಬೀದರಿನ ಹಿರಿಯರು ಫೋನಿನಲ್ಲಿಯೇ ಚಿತ್ರಗಳನ್ನು ನೋಡಿ ಓದಿ ಹೇಳಿದರು. ಮಿರಗದಲ್ಲಿ ಒಂದೆರಡು ದಿನ ಬಿಟ್ಟರೆ ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳ ಕಾಲವೆಲ್ಲ ಹೆಚ್ಚುಕಡಿಮೆ ಚುಕ್ಕೆಗಳೇ. ಆ ಚುಕ್ಕೆಗಳ ಪಕ್ಕದ ಅಂಚಿನಲ್ಲಿ ಸಣ್ಣ ಅಕ್ಷರಗಳಲ್ಲಿ ಕೆಲವು ಸಾಲುಗಳಿವೆ. ಊರ ಹೊರಗಿನ ಹೊಂಡದಲ್ಲಿ ಮಾತ್ರ ನೀರು ಉಳಿದಿತ್ತು, ಚಿಗರಿಗಳು ಹಗಲಿನಲ್ಲಿಯೇ ದನಗಳ ಜೊತೆ ನೀರಿಗೆ ಬರತೊಡಗಿದ್ದವು, ಬಂದೂಕಿನವರು ಹೊಂಡದ ಪಕ್ಕದಲ್ಲಿಯೇ ಕಾದು ಹೊಡೆಯತೊಡಗಿದ್ದರು ಎಂದು ಬರೆದಿದ್ದಾರೆ. ಅದರ ಕೆಳಗೆ ಎರಡೇ ಮಾತು: 'ನಾನು ಹೋಗುವುದಿಲ್ಲ.' ಕಾಯ್ದೆಯ ಸುದ್ದಿ ನಮ್ಮ ಊರಿಗೆ ಯಾವಾಗ ಮುಟ್ಟಿತೋ, ಆದರೆ ಕಾಕಾ ಬಂದೂಕು ಬಿಟ್ಟಿದ್ದು ಆ ಹೊಂಡದ ದಂಡೆಯಲ್ಲಿ. ಅಣ್ಣನಿಗೆ ಈ ಪುಟವನ್ನು ಓದಿ ತೋರಿಸಿದೆ. ಅವನು ಮತ್ತೆ ಬೇಡವೆನ್ನಲಿಲ್ಲ. ಈ ಪುಟದ ಚಿತ್ರವನ್ನೇ ಪುಸ್ತಕದಲ್ಲಿ ಹಾಕು ಎಂದ.

ಮಾಸ್ತರರು ಹೇಳಿದ ದಿನವನ್ನೂ ಹುಡುಕಿದೆ. 1983ರ ಸೆಪ್ಟೆಂಬರ್ 4, ರವಿವಾರ. ಆ ದಿನದ ಎದುರಿಗೆ 3 ಮಿ.ಮೀ. ಎಂದಿದೆ. ಇಷ್ಟು ಕಡಿಮೆಯೇ ಎಂದು ಮೊದಲು ಸಂಶಯವಾಯಿತು. ಆಮೇಲೆ ಹೊಳೆಯಿತು, ಬೆಳಿಗ್ಗೆ ಎಂಟೂವರೆಗೆ ಬರೆಯುವ ಅಂಕಿ ಹಿಂದಿನ ಇಪ್ಪತ್ನಾಲ್ಕು ತಾಸುಗಳದ್ದು. ರವಿವಾರ ಸಂಜೆಯ, ರಾತ್ರಿಯ ಮಳೆ ಸೋಮವಾರದ ಸಾಲಿನಲ್ಲಿದೆ: 71 ಮಿ.ಮೀ. ಅಂಗೈ ತುಂಬ ಮುಳ್ಳು ನೆಟ್ಟ ಮರುದಿನವೂ ಅವರು ಎಂಟೂವರೆಗೆ ಮಾಪಕದ ಬಳಿ ಹೋಗಿದ್ದಾರೆ. ಆ ಒಂದು ಅಂಕಿಯ ಬರಹ ಮಾತ್ರ ಬೇರೆ ಎಲ್ಲದಕ್ಕಿಂತ ದೊಡ್ಡದಾಗಿ, ವಕ್ರವಾಗಿ, ಕಲಿಯುವ ಮಗುವಿನ ಕೈಬರಹದಂತಿದೆ.

ಪ್ರತಿ ರವಿವಾರದ ಪುಟದ ಕೆಳಗೆ ಅವರು ಜೊತೆಗೆ ಬಂದ ಮಕ್ಕಳ ಹೆಸರುಗಳನ್ನು ಬರೆಯುತ್ತಿದ್ದರೆನ್ನುವುದು ನನಗೆ ಈಗಷ್ಟೇ ತಿಳಿಯಿತು. ಆ ಸೆಪ್ಟೆಂಬರಿನ ನಂತರ ಹದಿನೈದು ತಿಂಗಳು ಮಳೆಯ ಅಂಕಿಗಳಿವೆ, ಹೆಸರುಗಳಿಲ್ಲ. 1984ರ ಡಿಸೆಂಬರಿನ ಎಳ್ಳಮಾವಾಸ್ಯೆಯ ದಿನ ಹೆಸರುಗಳು ಮತ್ತೆ ಶುರುವಾಗುತ್ತವೆ. ಮೊದಲನೆಯದು ಕಾಲು ಮುರಿದುಕೊಂಡ ಹುಡುಗನದು. ಮಾಸ್ತರರು ಕೊಟ್ಟ ನಂಬರಿಗೆ ಕರೆ ಮಾಡಿದ್ದೆ. ನಡೆದದ್ದನ್ನು ನಡೆದಂತೆ ಬರೆಯಲು ಅವರು ಒಪ್ಪಿದರು. ಆ ದಿನ ಚರಗ ಚೆಲ್ಲಲು, ಅಂದರೆ ಹೊಲಕ್ಕೆ ಎಡೆ ಚೆಲ್ಲಿ ಪೂಜಿಸಲು, ಕಾಕಾ ಅವರನ್ನು ತಮ್ಮ ಹೊಲಕ್ಕೆ ಕರೆದವರು ಅವರ ತಂದೆಯೇ ಅಂತೆ.

ಈಗ ಒಂದು ಬೇಡಿಕೆ. ಎಲ್ಲ ವಹಿಗಳಿಂದ ಹೆಸರುಗಳನ್ನು ತೆಗೆದು ಪಟ್ಟಿ ಮಾಡುತ್ತಿದ್ದೇನೆ. ಅನೇಕ ಕಡೆ ಮನೆತನದ ಹೆಸರಿಲ್ಲದೆ 'ಗಾಣಿಗರ ಸಣ್ಣಾವ', 'ತಾಂಡಾದ ಇಬ್ಬರು', 'ಬೂಟಿನ ಹುಡುಗ' ಎಂದಿಷ್ಟೇ ಇದೆ. ಪಟ್ಟಿಯನ್ನು ನಾಳೆ ಇಲ್ಲಿಯೇ ಹಾಕುತ್ತೇನೆ. ಯಾರು ಯಾರೆಂದು ಗುರುತು ಸಿಕ್ಕವರು ತಿಳಿಸಿರಿ. ಪುಣ್ಯತಿಥಿಯ ಮರುದಿನ ರವಿವಾರ; ಬೆಳಿಗ್ಗೆ ಆರಕ್ಕೆ ನಮ್ಮ ಮನೆಯಿಂದ ಚಂದ್ರಂಪಳ್ಳಿಗೆ ಹೊರಡುವುದೆಂದು ಮಾತಾಗಿದೆ. ರೊಟ್ಟಿ ಗಂಟು ಕಟ್ಟಿಕೊಂಡು ಬನ್ನಿ. ಮಕ್ಕಳನ್ನು ಕರೆತರುವವರು ಎಷ್ಟು ಮಕ್ಕಳೆಂದು ಮೊದಲೇ ಹೇಳಿರಿ. 24ಕ್ಕೆ ಪಟ್ಟಿ ನಿಲ್ಲಿಸುತ್ತೇನೆ.